ಗೈರುಹಾಜರಿ ಬರೆಯುವ ಕೆಲೆಪಿ
ಅರಸ ತನ್ನದೇ ಚರ್ಚು ಕಟ್ಟಿಸಿದಂದಿನಿಂದ ನಮ್ಮ ದ್ವೀಪದಲ್ಲಿ ಹಳೆಯ ಚರ್ಚಿಗೆ ಹೋಗುವುದು ರಾಜದ್ರೋಹ. ಇದು ನಿಮಗೆ ಗೊತ್ತಿರುವುದೇ. ಗುಮಾಸ್ತ ಕೆಲೆಪಿ ಭಾನುವಾರ ನಮ್ಮ ಪದ್ಧತಿಯ ಮರ್ಯಾದೆಯ ಉಡುಪಾಗಿ ಸೊಂಟಕ್ಕೆ ಹೊಸ ಚಾಪೆ ಸುತ್ತಿಕೊಂಡು ಅರಸನ ಚರ್ಚಿನ ಬಾಗಿಲಲ್ಲಿ ನಿಲ್ಲುತ್ತಾನೆ, ಬಾರದವರ ಹೆಸರನ್ನು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಾನೆ, ಪ್ರಾರ್ಥನೆಯ ನಡುವೆ ಕೆಮ್ಮಿದವರಿಗೆ ಅರ್ಧ ಗೈರು ಹಾಕುತ್ತಾನೆ. ಸಂಜೆ ಎಲ್ಲರೂ ಕೂತು ಕಾವಾ ಬೇರಿನ ಪಾನಕ ಕುಡಿಯುವಾಗ ಯಾರಾದರೂ, "ಏನಪ್ಪಾ ಕೆಲೆಪಿ, ದೇವ್ರು ಬಂದಿದ್ನಾ ಇವತ್ತು?" ಎಂದು ಕೆಣಕಿದರೆ, "ಅರಸರು ಬಂದಿದ್ರಲ್ಲಣ್ಣ, ಸಾಲ್ದಾ?" ಎನ್ನುತ್ತಾನೆ. ಆರು ವಾರಗಳಿಂದ ಅವನ ಪಟ್ಟಿಯ ಮೊದಲ ಹೆಸರು ಲೋಸೆ, ಅವನ ಹೆಂಡತಿ. "ಬರ್ಕೋ ಮಾರಾಯ, ನಾನು ಹಳೇ ಪಾದ್ರಿ ಹತ್ರಾನೇ ಹೋಗೋದು" ಎಂದಳಂತೆ, ಅವನು ಬರೆದುಕೊಂಡ. ಪಟ್ಟಿಯಲ್ಲಿರುವವರನ್ನು ಮುಂದಿನ ವಾರ ಫಿಜಿಗೆ ಹೋಗುವ ಹಡಗು ಹತ್ತಿಸಿ ಗಡೀಪಾರು ಮಾಡುತ್ತಾರೆ. ಊರಿಗೆ ಊರನ್ನೇ ಸಾಗಿಸುವಷ್ಟು ಹಡಗುಗಳು ಅರಸನ ಹತ್ತಿರ ಇಲ್ಲ. ಅದಕ್ಕೇ ಈ ಭಾನುವಾರ ನೀವೆಲ್ಲರೂ ಮನೆಯಲ್ಲೇ ಕೂತಿರಿ. ಲೋಸೆಯ ಹೆಸರಿನ ಕೆಳಗೆ ನಿಮ್ಮದನ್ನೂ ಬರೆಯಲಿ.