ನೀರು ಕುಡಿಯದ ಲಂಗೋಟಿ

ಯಾರ ಬಟ್ಟೆಯ ಮೇಲಾದರೂ ನೀರಿನ ಹನಿ ಬಿದ್ದರೆ ನನ್ನ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಹನಿ ಒಳಗಿಳಿಯಿತೋ, ಮೇಲೇ ಕುಳಿತಿತೋ ಎಂದು ತಿಳಿಯುವ ತನಕ ಬೇರೆ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಮೊನ್ನೆ ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಪಕ್ಕದವರ ಪಂಚೆಯ ಮೇಲೆ ಟೀ ಚೆಲ್ಲಿತು. ನಾನು ಬಗ್ಗಿ ಅವರ ತೊಡೆಯನ್ನೇ ನೋಡುತ್ತ ಕುಳಿತೆ. "ಏನಪ್ಪ, ಏನಾರ ಕಳ್ಕಂಡಿದೀಯಾ?" ಎಂದು ಕೇಳಿದರು. ಕಳೆದುಕೊಂಡದ್ದು ನಿಜ, ಮಾನವನ್ನು. ಆದರೆ ಅವರ ತೊಡೆಯ ಮೇಲಲ್ಲ, ನಮ್ಮ ಬೀಗಿತ್ತಿಯ ತೊಡೆಯ ಮೇಲೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಕಂಬಳಿಯ ವಿಷಯದಲ್ಲಿ ನನಗೆ ಪಾಠ ಹೇಳುವವರು ನಮ್ಮ ಕಡೆ ಕಡಿಮೆ. ಶ್ರೀರಾಂಪುರದ ಹತ್ತಿರ ನಮ್ಮೂರು. ಕುರಿ ಸಾಕುವುದು, ಕಂಬಳಿ ನೇಯುವುದು ಮನೆಯ ಕಸುಬು. ಹುಣಸೆಬೀಜವನ್ನು ಹುರಿದು, ನೆನೆಸಿ, ಅರೆದು ಹಂಡೆಯಲ್ಲಿ ಕುದಿಸಿದರೆ ಅಂಟು ಗಂಜಿಯಾಗುತ್ತದೆ. ಅದನ್ನು ಉಣ್ಣೆಯ ನೂಲಿಗೆ ತೊಡೆದು, ಒಣಗಿಸಿ ನೇಯ್ದ ಕಂಬಳಿಯನ್ನು ಹೊದ್ದು ಕುರಿಯವರು ಮಳೆಯಲ್ಲಿ ಬಯಲಲ್ಲೇ ನಿಲ್ಲುತ್ತಾರೆ. ಮಳೆ ಬಂದದ್ದು ಕುರಿಗೆ ಗೊತ್ತಾಗುತ್ತದೆ, ಕಂಬಳಿಯೊಳಗಿನವನಿಗೆ ಗೊತ್ತಾಗುವುದಿಲ್ಲ. ನೀರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುವುದು ಒಳ್ಳೆಯ ಕಂಬಳಿಯ ಗುಣ. ಲಂಗೋಟಿಯ ಗುಣ ಇದಕ್ಕೆ ಪೂರಾ ಉಲ್ಟಾ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ.

ಹೊರಕೆರೆದೇವಪುರಕ್ಕೆ ಕೊಟ್ಟಿದ್ದ ನಮ್ಮ ನಾಗಕ್ಕ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಾಗ ಆ ಪ್ರಮೇಯ ಬಂತು. ಗಂಡುಕೂಸು ಹುಟ್ಟಿತು. ಅದೇ ಸಮಯಕ್ಕೆ ಅವ್ವನಿಗೆ ಸೊಂಟ ಹಿಡಿಯಿತು. ಹಳೇ ಪಂಚೆ ಹರಿದು ಮಾಡಿದ ಲಂಗೋಟಿಗಳನ್ನು ಒಗೆಯುವ ಕೆಲಸ ನನ್ನ ತಲೆಗೆ ಬಿತ್ತು. ಮೀಸೆ ಬಂದ ಗಂಡಸು ಬಾವಿಕಟ್ಟೆಯಲ್ಲಿ ಕುಳಿತು ಲಂಗೋಟಿ ಕುಕ್ಕುವುದನ್ನು ಊರ ಹೆಂಗಸರು ನೋಡಿದರೆ ನನಗೆ ಹೆಣ್ಣು ಸಿಗುವುದು ಕಷ್ಟ ಎನಿಸಿತು. ಹಾಗಾಗಿ ಹಿತ್ತಿಲ ಮಗ್ಗದ ಕೊಟ್ಟಿಗೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು, ಗಂಜಿಯ ಹಂಡೆಯಲ್ಲೇ ಅವನ್ನು ಕುದಿಸಿದೆ. ತಳದಲ್ಲಿ ಒಂದಿಷ್ಟು ಗಂಜಿ ಉಳಿದಿತ್ತು. ಹಂಡೆ ಉಜ್ಜಲು ಬೇಜಾರು. ಬಿಸಿನೀರು ಬಿಸಿನೀರೇ ತಾನೆ ಎಂದುಕೊಂಡೆ.

ಒಣಗಿದ ಮೇಲೆ ಅವುಗಳ ಠೀವಿ ನೀವು ನೋಡಬೇಕಿತ್ತು. ಒಂದು ಸುಕ್ಕಿಲ್ಲ. ಗೋಡೆಗೆ ಒರಗಿಸಿದರೆ ತಾವಾಗಿ ನಿಲ್ಲುತ್ತಿದ್ದವು. ಹಪ್ಪಳ ಪೇರಿಸಿದ ಹಾಗೆ ಪೇರಿಸಿ ಒಳಗೆ ಕೊಟ್ಟೆ. "ನೋಡೇ ನಾಗೀ, ನಿನ್ ತಮ್ಮ ಅಂಗಡಿ ಬಟ್ಟೆ ಮಾಡಿ ಇಟ್ಟಾನೆ" ಎಂದು ಅವ್ವ ಬೀಗಿದಳು. ಅವ್ವ ನನ್ನನ್ನು ಹೊಗಳಿದ್ದು ಅದಕ್ಕೆ ಮುಂಚೆ ಯಾವಾಗ ಎಂದು ನೆನಪಾಗಲಿಲ್ಲ. ಮಾರನೇ ದಿನದಿಂದ ತಳದಲ್ಲಿ ಗಂಜಿ ಉಳಿಯುವಂತೆ ನಾನೇ ನೋಡಿಕೊಂಡೆ.

ಕೂಸು ಮನೆಯನ್ನೆಲ್ಲ ತೊಯ್ಯಿಸತೊಡಗಿತು. ಚಾಪೆ, ಕೌದಿ, ಅಕ್ಕನ ಸೀರೆ, ಒಂದೂ ಉಳಿಯಲಿಲ್ಲ. ಅಷ್ಟು ಚಿಕ್ಕ ಹೊಟ್ಟೆಯಲ್ಲಿ ಅಷ್ಟು ನೀರು ಎಲ್ಲಿಂದ ಬಂತೆಂಬುದು ಅವ್ವನಿಗೆ ಚಿಂತೆಯಾಯಿತು. ಬಾಣಂತಿ ನೀರು ಕುಡಿದರೆ ಕೂಸಿಗೆ ಶೀತ ಎಂದು ನಮ್ಮ ಕಡೆ ಓಮು ಹಾಕಿ ಕಾಯಿಸಿದ ನೀರನ್ನು ಅರ್ಧ ಲೋಟ ಕೊಡುವುದೇ ಹೆಚ್ಚು. ಅಕ್ಕ ಕದ್ದು ಕುಡಿಯುತ್ತಿದ್ದಾಳೆ ಎಂದು ಅವ್ವ ತೀರ್ಮಾನಿಸಿದಳು. ಅರ್ಧ ಲೋಟ ಕಾಲು ಲೋಟವಾಯಿತು. ಹೊರಗೆ ಬೇಸಿಗೆ, ಅಕ್ಕನ ತುಟಿ ಒಡೆದಿತ್ತು.

"ತಮ್ಮಾ, ನೀನಾರ ನಂಬು. ಒಂದು ಗುಟುಕು ಕದ್ದು ಕುಡಿದಿಲ್ಲ ನಾನು."

"ನಂಬ್ತೀನಕ್ಕ" ಎಂದೆ. ನಂಬಲು ನನಗೇನು ಕಷ್ಟ? ಅವತ್ತು ಬೆಳಿಗ್ಗೆಯೇ ಅನುಮಾನ ಬಂದು ಲಂಗೋಟಿಯ ಮೇಲೆ ನೀರು ಚಿಮುಕಿಸಿ ನೋಡಿದ್ದೆ. ಹನಿ ಗುಂಡಗೆ ಕುಳಿತು ನನ್ನನ್ನೇ ನೋಡಿತ್ತು. ಆದರೂ ಬಾಯಿ ಬಿಡಲಿಲ್ಲ. ಹೊಗಳಿಕೆಯ ರುಚಿ ಹತ್ತಿದವನಿಗೆ ಅಕ್ಕನ ಬಾಯಾರಿಕೆ ಎರಡನೆಯದಾಗಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಬೀಗಿತ್ತಿ, ಅಂದರೆ ಅಕ್ಕನ ಅತ್ತೆ, ಮೊಮ್ಮಗನನ್ನು ನೋಡಲು ಹೊಸ ಸೀರೆ ಉಟ್ಟು ಬಂದರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಧಡಕ್ಕನೆ ಎದ್ದು ನಿಂತು ಲಂಗೋಟಿಯನ್ನು ಮುಟ್ಟಿ ಮುಟ್ಟಿ ನೋಡಿದರು.

"ಬಟ್ಟೆ ಒಣಗೇ ಐತಲ್ಲವ್ವ. ನಾನು ತೊಯ್ದೀನಿ."

"ಕುಂತ್ಕಳ್ರಿ ಬೀಗ್ರೆ, ಬಟ್ಟೇದೇನೂ ತಪ್ಪಿಲ್ಲ. ನಾನು ಕೊಡೋದು ಕಾಲು ಲೋಟ, ನನ್ ಮಗಳು ಕದ್ದು ನೀರು ಕುಡೀತಾಳೆ" ಎಂದಳು ಅವ್ವ.

"ಹಂಗಾರೆ ಆ ಕಾಲು ಲೋಟಾನೂ ನಿಲ್ಸಿ ನೋಡ್ರಿ. ನಾನೂ ಇಲ್ಲೇ ಇರ್ತೀನಿ."

ಸಾರು, ಹಾಲು ಬಿಟ್ಟರೆ ಅಕ್ಕನಿಗೆ ಬೇರೇನೂ ಇಲ್ಲದಂತಾಯಿತು. ಹೇಳುವ ಧೈರ್ಯವಿಲ್ಲದೆ, ಗುಟ್ಟಾಗಿ ಸರಿಪಡಿಸಲು ಹೊರಟೆ.

ನೀರು ಒಲ್ಲದ ಬಟ್ಟೆಗೆ ನೀರು ಕುಡಿಯುವುದನ್ನು ಮತ್ತೆ ಕಲಿಸುವುದು ಸುಲಭವಲ್ಲ. ಗಂಜಿಯ ಜೊತೆಗೆ ಕೂಸಿಗೆ ತಿಕ್ಕುವ ಹರಳೆಣ್ಣೆಯೂ ನೂಲಿನ ಸಂದಿ ಸಂದಿಯಲ್ಲಿ ಕೂತಿತ್ತು. ಮೊದಲು ಸೋಪನ್ನು ಧಾರಾಳವಾಗಿ ಬಳಿದೆ. ನಮ್ಮ ಬಾವಿಯ ಸವಳು ನೀರಿನಲ್ಲಿ ಸೋಪು ಕರಗದೆ ಅದೂ ಒಂದು ಪದರವಾಗಿ ಕೂತಿತು. ಮೂವರೂ ಬೀಗರಂತೆ ಹೊಂದಿಕೊಂಡುಬಿಟ್ಟರು. ಆಮೇಲೆ ಹಂಡೆಯನ್ನು ತಳ ಕಾಣುವಂತೆ ಉಜ್ಜಿದೆ. ಕೆರೆಯ ನೀರು ತಂದು, ಒಲೆಯ ಬೂದಿ ಕಲಸಿ, ತಿಳಿ ಬಸಿದು, ಆ ತಿಳಿಯಲ್ಲಿ ಲಂಗೋಟಿಗಳನ್ನು ಕುದಿಸಿದೆ. ನೀರು ಅಂಬಲಿಯಂತಾಯಿತು. ಚೆಲ್ಲಿ ಮತ್ತೆ ಕುದಿಸಿದೆ. ಕೊನೆಗೆ ಮಾನ ಬಿಟ್ಟು ಬಾವಿಕಟ್ಟೆಗೇ ಒಯ್ದು ಕಲ್ಲಿಗೆ ಬಡಿದೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೊರೆ ಕಾಣದಷ್ಟು ಸಲ ಕೆರೆ ನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕಿದೆ. ಒಣಗಿದ ಒಂದರ ಮೇಲೆ ಹನಿ ಬಿಟ್ಟೆ. ಗುಳಕ್ಕನೆ ಮಾಯವಾಯಿತು. ನನಗೆ ಕಣ್ಣಲ್ಲಿ ನೀರು ಬಂತು. ಅದನ್ನೂ ಆ ಲಂಗೋಟಿಯಲ್ಲೇ ಒರೆಸಿಕೊಂಡೆ, ಅದೂ ಇಂಗಿತು.

"ಇವೇನೋ ದನ ಅಗಿದು ಉಗುಳಿದಂಗೆ ಆಗ್ಯಾವೆ?" ಎಂದು ಅವ್ವ ಆ ಸುಕ್ಕು ನೋಡಿ ಬೈದಳು. ಬೈಗುಳ ಕೂಡ ಹಿತವಾಗಿತ್ತು. ಅವತ್ತು ಚಾಪೆ ಒಣಗಿತ್ತು, ಕೌದಿ ಒಣಗಿತ್ತು. ನಾನು ಗೆದ್ದೆ ಎಂದುಕೊಂಡೆ.

"ನೋಡಿದ್ರಾ ಬೀಗ್ರೆ, ನೀರು ನಿಲ್ಸಿದ್ದೇ ತಡ, ಕೂಸಿಗೆ ವಾಸಿ ಆತು" ಎಂದಳು ಅವ್ವ.

"ಬಾಣಂತನ ಮುಗಿಯಗಂಟ ಹಿಂಗೇ ನಡೀಲಿ" ಎಂದರು ಬೀಗಿತ್ತಿ.

ನನ್ನ ಬೂದಿ, ನನ್ನ ಕೆರೆ ನೀರು, ಬಾವಿಕಟ್ಟೆಯಲ್ಲಿ ಕಳೆದ ನನ್ನ ಮಾನ, ಎಲ್ಲ ಸೇರಿ ಅಕ್ಕನ ಬಾಯಿಗೆ ಬೀಗ ಹಾಕಿದ್ದವು. ಇನ್ನು ಹೇಳದೆ ದಾರಿ ಇರಲಿಲ್ಲ.

ಒಂದು ಗಂಜಿ ಲಂಗೋಟಿಯನ್ನು ತೊಳೆಯದೆ ಕೊಟ್ಟಿಗೆಯಲ್ಲಿ ಉಳಿಸಿಕೊಂಡಿದ್ದೆ. ಅಷ್ಟು ಚೆಂದದ ಕೆಲಸವನ್ನು ಪೂರ್ತಿ ಅಳಿಸಲು ಮನಸ್ಸಾಗಿರಲಿಲ್ಲ. ಅದನ್ನೂ ಒಂದು ಚೆಂಬು ನೀರನ್ನೂ ಹಿಡಿದು ಒಳಗೆ ಹೋದೆ. ಎಲ್ಲರ ಮುಂದೆ ಕುಳಿತು ಅದನ್ನು ಬಟ್ಟಲಿನಂತೆ ಬಗ್ಗಿಸಿ ಸ್ವಲ್ಪ ನೀರು ಸುರಿದೆ. ಚೆಂಬನ್ನು ಪಕ್ಕಕ್ಕಿಟ್ಟೆ. ಒಂದು ಹನಿಯೂ ಕೆಳಗಿಳಿಯಲಿಲ್ಲ.

"ಅವ್ವಾ, ಕಂಬಳಿ ಗಂಜಿ" ಎಂದೆ. "ಅಕ್ಕ ಕುಡಿದಿಲ್ಲ."

ಅವ್ವ ಬಗ್ಗಿ ನೋಡಿದಳು. ಬೀಗಿತ್ತಿ ಬೆರಳಿಂದ ಲಂಗೋಟಿಯ ತಳ ಮುಟ್ಟಿ ನೋಡಿದರು. ಕೋಣೆಯಲ್ಲಿ ಗಟಗಟ ಎಂಬ ಸದ್ದೊಂದೇ ಕೇಳುತ್ತಿತ್ತು. ಎಲ್ಲರೂ ತಿರುಗಿದಾಗ ಅಕ್ಕ ಚೆಂಬನ್ನು ಬೋರಲು ಮಾಡಿ ಕೊನೆಯ ಹನಿ ಬಾಯಿಗೆ ಬಿಟ್ಟುಕೊಳ್ಳುತ್ತಿದ್ದಳು. ಯಾರೂ ಚೆಂಬು ಕಿತ್ತುಕೊಳ್ಳಲಿಲ್ಲ. ಬೀಗಿತ್ತಿ ನನ್ನ ಕಡೆ ತಿರುಗಿ, "ಲೇ, ನಂಗೂ ಇಂಥದ್ದೇ ಒಂದು ಕಂಬಳಿ ಮಾಡ್ಕೊಡು" ಎಂದರು.

ಆ ಕೂಸು ಈಗ ಶಾಲೆಗೆ ಹೋಗುತ್ತದೆ. ಅಕ್ಕ ತವರಿಗೆ ಬಂದಾಗ ಕಾಲು ತೊಳೆಯುವ ಮೊದಲೇ ನಾನು ಚೆಂಬು ಹಿಡಿದು ನಿಂತಿರುತ್ತೇನೆ. ಅವಳು ಚೆಂಬಿನೊಳಗೆ ಬೆರಳದ್ದಿ ನನ್ನ ಹೆಗಲ ಟವೆಲ್ಲಿನ ಮೇಲೆ ಒಂದು ಹನಿ ಬಿಡುತ್ತಾಳೆ. ಇಬ್ಬರೂ ತಲೆ ಬಗ್ಗಿಸಿ ನೋಡುತ್ತೇವೆ. ಹನಿ ಇಳಿದ ಮೇಲೆಯೇ ಅವಳು ನೀರು ಕುಡಿಯುವುದು.