ಮಷಿನ್ನಿನ ಕೀಲಿ ಮಾರೆಮ್ಮನ ಕೈಯಲ್ಲಿ

ಇವತ್ತು ನಮ್ಮಕ್ಕ ಉಚ್ಚೆಂಗೆಮ್ಮನ ಹುಟ್ಟುಹಬ್ಬ. ಕುರುಗೋಡಿನ ನಮ್ಮ ಓಣಿಯಲ್ಲಿ ಅವಳಿಗೆ ಇನ್ನೊಂದು ಹೆಸರಿದೆ: ಚೆಕಿಂಗ್. ಬಸ್ಸಿಗೆ ಹತ್ತುವ ಚೆಕಿಂಗ್‌ನವರ ಹಾಗೆ ಅವಳು ಎಲ್ಲವನ್ನೂ ತಾನೇ ಇಣುಕಿ ನೋಡಬೇಕು. ಹಾಕಿದ ಬೀಗವನ್ನು ಮತ್ತೆ ಎಳೆದು ನೋಡುತ್ತಾಳೆ. ಮಿಕ್ಸಿ ತಿರುಗಿಸುವ ಮೊದಲು ಒಳಗೆ ಚಮಚ ಉಳಿದಿದೆಯೇ ಎಂದು ಬಗ್ಗುತ್ತಾಳೆ. ನಾನು ಬಳ್ಳಾರಿಗೆ ಹೊರಟರೆ ಬ್ಯಾಗಿಗೆ ತುಂಬಿದ್ದನ್ನೆಲ್ಲ ಹೊರಗೆ ತೆಗೆಸುತ್ತಾಳೆ.

“ಲೇ ಸಂಘಾ, ಚೆಕಿಂಗ್ ಬಂತು, ಟಿಕೆಟ್ ತೆಗಿ!” ಎಂದು ಅಪ್ಪ ನಗುತ್ತಾನೆ. ನಾನೂ ನಗುತ್ತಿದ್ದೆ. ಹೋದ ವರ್ಷ ಇದೇ ದಿನದವರೆಗೆ.

ಅಕ್ಕ ಓಡಿಸುವುದು ಭತ್ತ ಕೊಯ್ಯುವ ಚೈನ್ ಮಷಿನ್. ಅವತ್ತು ತೆಕ್ಕಲಕೋಟೆ ಹತ್ತಿರ ಹಾಲಸಿದ್ದಪ್ಪ ಎಂಬ ರೈತರ ಗದ್ದೆಯಲ್ಲಿ ಕೊಯ್ಲಿತ್ತು. ಅವಳು ಮನೆಗೆ ಬರುವುದಿಲ್ಲ ಎಂದು ಗೊತ್ತಾದ ಮೇಲೆ ನಾನೇ ಹೊರಟೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಬೇಕರಿಯಲ್ಲಿ ಕೇಕ್ ತೆಗೆದುಕೊಂಡು, ತೊಡೆಯ ಮೇಲಿಟ್ಟುಕೊಂಡು, ಸಿರುಗುಪ್ಪದ ಬಸ್ಸು ಹತ್ತಿದೆ. ಮೇ ತಿಂಗಳ ಬಿಸಿಲಿಗೆ ಕ್ರೀಮು ಅರ್ಧ ದಾರಿಯಲ್ಲೇ ಒಂದು ಕಡೆ ವಾಲಿತು.

ಗದ್ದೆ ತಲುಪುವಾಗ ಪಡುವಣ ದಿಕ್ಕಿಗೆ ಮೋಡ ಕಪ್ಪಗಾಗಿತ್ತು. ಮಷಿನ್ ಅಂಚಿನಿಂದ ಸುತ್ತುತ್ತ ಕೊಯ್ದುಕೊಂಡು ಬಂದಿದ್ದರಿಂದ ನಡುವೆ ಒಂದು ಅಗಲವಾದ ಪಟ್ಟಿ ಮಾತ್ರ ಉಳಿದಿತ್ತು. ಕಾಳಿನ ಟ್ಯಾಂಕು ತುಂಬಿತ್ತು. ಬೇವಿನ ಮರದಡಿ ನಿಂತಿದ್ದ ಟ್ರಾಲಿಯನ್ನು ಟ್ರ್ಯಾಕ್ಟರ್‌ನವನು ಹಿಂದಕ್ಕೆ ತಂದು, ಮಷಿನ್ನಿನ ಪೈಪಿನ ಕೆಳಗೆ ನಿಲ್ಲಿಸಿದ. ಅಕ್ಕ ಲಿವರ್ ಎಳೆದರೆ ಸಾಕು, ಟ್ಯಾಂಕಿನಲ್ಲಿದ್ದ ಭತ್ತವೆಲ್ಲ ಒಂದೇ ಉಸಿರಿಗೆ ಟ್ರಾಲಿಗೆ ಸುರಿಯುತ್ತದೆ.

ಆಗ ಮಾರೆಮ್ಮ ಕೂಗಿದಳು. ಮಷಿನ್ನಿಗೆ ಸಿಗದ ಮೂಲೆಗಳನ್ನು ಕುಡುಗೋಲಿನಲ್ಲಿ ಕೊಯ್ಯಲು ಬಂದವಳು ಅವಳು.

“ನಮ್ಮ ಅಂಜಿನಿ ಕಾಣವಲ್ಲ! ಯಾರರ ನೋಡಿರೇನ್ರಿ?”

ಅಂಜಿನಿ ಅವಳ ಮೂರು ವರ್ಷದ ಮಗ. ಎಲ್ಲರ ಕಣ್ಣುಗಳೂ ನಡುವಿನ ಪಟ್ಟಿಯ ಕಡೆ ಹೊರಳಿದವು. ಆ ಪೈರಿನೊಳಗೆ ಕೂತ ಮಗು ಹೊರಗಿನವರಿಗೆ ಕಾಣುವುದಿಲ್ಲ.

ಅಕ್ಕ ಇಂಜಿನ್ ನಿಲ್ಲಿಸಿ, ಕೀಲಿ ಕಿತ್ತುಕೊಂಡು ಕೆಳಗೆ ಹಾರಿದಳು.

“ಇಂಜಿನ್ ಯಾಕ ಆಫ್ ಮಾಡ್ದಿ?” ಹಾಲಸಿದ್ದಪ್ಪ ರೇಗಿದರು. “ಹುಡುಕೋರು ಹುಡುಕ್ತಾರ. ನೀ ಟ್ಯಾಂಕ್ ಖಾಲಿ ಮಾಡು. ಮಳಿ ನೆತ್ತಿ ಮ್ಯಾಲ ಐತಿ, ನೆಲ್ಲು ತೋಯ್ತದ!”

“ಕೂಸು ಸಿಗೋತನಕ ಮಷಿನ್ ಅಲ್ಲಾಡಂಗಿಲ್ಲ ಗೌಡ್ರ.”

“ನನ್ನ ಹೊಲದಾಗ ನನಗ ಹೇಳ್ತಿಯೇನ?”

ಅಕ್ಕ ಕೀಲಿಯನ್ನು ಮಾರೆಮ್ಮನ ಅಂಗೈಗೆ ಒತ್ತಿದಳು. “ಇದು ನಿನ್ನ ಹತ್ರ ಇರ್ಲೆವ್ವ. ನೀ ಕೊಟ್ಟ ಮ್ಯಾಲೇ ಇದು ಚಾಲೂ ಆಗೋದು.”

ಹಾಲಸಿದ್ದಪ್ಪ ಒಂದು ಹೆಜ್ಜೆ ಮುಂದಿಟ್ಟು ನಿಂತರು. ಕೂಲಿ ಹೆಂಗಸಿನ ಕೈಯಿಂದ ಕೀಲಿ ಕಿತ್ತುಕೊಳ್ಳುವುದು ಅವರಿಂದಾಗಲಿಲ್ಲ.

ನಾವೆಲ್ಲ ಸಾಲಾಗಿ ಪೈರಿನೊಳಗೆ ನುಗ್ಗಿದೆವು. ಕೇಕಿನ ಡಬ್ಬಿ ನನ್ನ ಕೈಯಲ್ಲೇ ಇತ್ತು, ಎಲ್ಲಿಡಬೇಕೆಂದು ಹೊಳೆಯಲಿಲ್ಲ. “ಅಂಜಿನೀ... ಲೇ ಅಂಜಿನೀ...” ಒಂದು ಮೊಲ ನನ್ನ ಕಾಲುಗಳ ನಡುವೆ ಹಾರಿ ಓಡಿತು. ಪಟ್ಟಿಯ ಈ ತುದಿಯಿಂದ ಆ ತುದಿವರೆಗೂ ಮಗುವಿಲ್ಲ.

“ಕಾಲುವಿ ಕಡಿ ಹೋಗ್ಯಾನೇನೋ,” ಯಾರೋ ಅಂದರು.

ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಮಾರೆಮ್ಮ ಕೀಲಿ ಹಿಡಿದುಕೊಂಡೇ ಅತ್ತ ಓಡಿದಳು. ಸೆರಗು ಜಾರಿ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ಅರ್ಧ ಜನ ಅವಳ ಹಿಂದೆ ಓಡಿದರು.

ಅಕ್ಕ ಓಡಲಿಲ್ಲ. ಟ್ರಾಲಿಯ ಗಾಲಿಯ ಮೇಲೆ ಕಾಲಿಟ್ಟು ಹತ್ತಿದಳು.

“ಅಲ್ಲೇನ್ ನೋಡ್ತಿ? ಖಾಲಿ ಐತಿ, ಕಾಣವಲ್ದೇನು?” ಹಾಲಸಿದ್ದಪ್ಪ ಕೆಳಗಿನಿಂದ ಕೂಗಿದರು.

“ದಿನಾ ನೋಡ್ತೀನ್ರಿ. ಇವತ್ತೂ ನೋಡ್ತೀನಿ.”

ನಾನು ಇಣುಕಿದಾಗ ನನಗೂ ಖಾಲಿಯೆಂದೇ ಕಂಡಿತು. ಮಳೆ ಬಂದರೆ ಭತ್ತಕ್ಕೆ ಹೊದಿಸಲು ಮೂಲೆಯಲ್ಲಿ ಮಡಿಸಿಟ್ಟ ತಾಡಪತ್ರಿ, ಅಷ್ಟೇ. ಅಕ್ಕ ಒಳಗೆ ಇಳಿದು ಅದರ ಒಂದು ಅಂಚು ಎತ್ತಿದಳು. ಅಲ್ಲೇ ಮೊಣಕಾಲೂರಿ ಬಗ್ಗಿದಳು.

ತಾಡಪತ್ರಿಯ ಮಡಿಕೆಯೊಳಗೆ, ಗೋಣಿಚೀಲದ ಮೇಲೆ, ಅಂಜಿನಿ ಬೆವರಿನಲ್ಲಿ ತೊಯ್ದು ಮಲಗಿದ್ದ. ಬೇವಿನ ನೆರಳಿನಲ್ಲಿ ಟ್ರಾಲಿ ನಿಂತಿದ್ದಾಗ ಹತ್ತಿಕೊಂಡಿದ್ದನೇನೋ. ಮುಷ್ಟಿಯಲ್ಲಿ ಅರ್ಧ ಬಿಸ್ಕತ್ತು. ಅಕ್ಕ ಅವನ ಎದೆಯ ಮೇಲೆ ಕೈಯಿಟ್ಟಳು. ಅವನು ಸಿಡುಕಿ ಮಗ್ಗುಲಾದ. ನಾನು ತಲೆಯೆತ್ತಿದೆ. ಪೈಪಿನ ಬಾಯಿ ಸರಿಯಾಗಿ ಅವನ ಮೇಲಿತ್ತು.

“ಮಾರೆಮ್ಮಾ! ಸಿಕ್ಕ! ಇಲ್ಲೇ ಅದಾನ!” ನಾನು ಕಿರುಚಿದ್ದು ಕಾಲುವೆಯ ಆಚೆಗೂ ಕೇಳಿಸಿರಬೇಕು.

ಮಾರೆಮ್ಮ ಬಂದವಳೇ ಮಗನ ಬೆನ್ನಿಗೆ ಒಂದು ಕೊಟ್ಟು, ಅವನನ್ನು ಎದೆಗೆ ಅವುಚಿಕೊಂಡು ನೆಲಕ್ಕೆ ಕೂತಳು. “ಮೂಳ, ಮಲಗಾಕ ಬ್ಯಾರೆ ಜಾಗ ಸಿಗ್ಲಿಲ್ಲೇನೋ ನಿನಗ!” ಇಬ್ಬರೂ ಅಳುತ್ತಿದ್ದರು. ಮಳೆಯ ಮೊದಲ ಹನಿಗಳು ಬಿದ್ದವು. ಹಾಲಸಿದ್ದಪ್ಪ ಟ್ಯಾಂಕನ್ನು ನೋಡಿದರು, ಮಾರೆಮ್ಮನ ಮುಷ್ಟಿಯನ್ನು ನೋಡಿದರು. ಕೀಲಿ ಕೇಳಲಿಲ್ಲ. ಅಕ್ಕನೂ ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮಾರೆಮ್ಮನೇ ಕೈ ಚಾಚಿದಳು. “ತಗೋ ಯಕ್ಕ. ನೆಲ್ಲು ತೋಯ್ತೈತಿ.” ಅವಳ ಅಂಗೈಯಲ್ಲಿ ಕೀಲಿಯ ಹಲ್ಲುಗಳು ಕೆಂಪಗೆ ಅಚ್ಚೊತ್ತಿದ್ದವು.

ಅಕ್ಕ ಮತ್ತೊಮ್ಮೆ ಟ್ರಾಲಿ ಹತ್ತಿ, ನಾಲ್ಕೂ ಮೂಲೆಗೆ ಕೈಯಾಡಿಸಿ, ಆಮೇಲೆ ಮಷಿನ್ ಚಾಲೂ ಮಾಡಿ ಲಿವರ್ ಎಳೆದಳು. ಅರ್ಧ ಟ್ಯಾಂಕು ಇಳಿಯುವಷ್ಟರಲ್ಲಿ ಮಳೆ ಜೋರಾಯಿತು. ಹಾಲಸಿದ್ದಪ್ಪನವರೇ ತಾಡಪತ್ರಿಯ ಒಂದು ತುದಿ ಹಿಡಿದೆಳೆದರು. ನಡುವಿನ ಪಟ್ಟಿ ನಿಂತಲ್ಲೇ ನೆನೆಯಿತು.

ಆಮೇಲೆ ಟ್ರಾಲಿಯ ಅಡಿಯಲ್ಲಿ ಎಲ್ಲರೂ ಮುದುಡಿ ಕೂತೆವು. ನಾನು ಡಬ್ಬಿ ಮುಂದಿಟ್ಟು, “ಯಕ್ಕ, ಹುಟ್ಟಿದಹಬ್ಬ, ಕಟ್ ಮಾಡು,” ಎಂದೆ.

ಹಾಲಸಿದ್ದಪ್ಪ ಡಬ್ಬಿಗೆ ಕೈ ಅಡ್ಡ ಹಿಡಿದರು. “ತಡೀವ್ವ ಉಚ್ಚೆಂಗೆಮ್ಮ. ಒಳಗ ಯಾರರ ಅದಾರೇನೋ, ಮೊದ್ಲು ನೋಡು.”

ಮಾರೆಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಅಕ್ಕ ಮಾತ್ರ ಮುಚ್ಚಳ ಎತ್ತಿ ನಿಜಕ್ಕೂ ಬಗ್ಗಿ ನೋಡಿದಳು. ಅಷ್ಟರಲ್ಲಿ ಅಂಜಿನಿಯ ಬೆರಳು ಕ್ರೀಮಿನೊಳಗೆ ಇಳಿದಾಗಿತ್ತು.