ಬಾಗ್ಲು ಹಾಕೇ ಆಟೊ

ನಮ್ಮಪ್ಪ ಚಿತ್ರದುರ್ಗದಲ್ಲಿ ಲಗೇಜ್ ಆಟೊ ಇಟ್ಟುಕೊಂಡು ಬೀದಿ ಬೀದಿ ತಿರುಗಿ ಈರುಳ್ಳಿ, ಬೆಳ್ಳುಳ್ಳಿ ಮಾರುತ್ತಿದ್ದ. ಉಳಿದ ವ್ಯಾಪಾರಿಗಳೆಲ್ಲ ಕೂಗುವುದನ್ನು ಬಿಟ್ಟು ಆಟೊಗೆ ಮೈಕ್ ಕಟ್ಟಿಸಿದ ಮೇಲೆ ಅವನೂ ಕಟ್ಟಿಸಿದ. ಮೈಕ್ ಕೊಟ್ಟವರು ಪಕ್ಕದ ಮನೆಯ ಸಾಹೇಬರು. ಬಸ್ ಸ್ಟ್ಯಾಂಡ್ ಹತ್ತಿರ ಅವರದು ಮೊಬೈಲ್ ರಿಪೇರಿ ಅಂಗಡಿ. ಅಪ್ಪನಿಗೆ ಅವರು ಭಾಯಿ, ನನಗೆ ಮಾಮ. ಒಂದು ಬೆಳಿಗ್ಗೆ ಮಾಮ ನಮ್ಮ ಪಡಸಾಲೆಯಲ್ಲೇ ಕುಳಿತು, ರೆಕಾರ್ಡ್ ಮಾಡುವ ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟು, ಗುಂಡಿ ಒತ್ತಿ ಹಿಡಿದು ಮಾತಾಡಿ ಅಂದರು.

ಅಪ್ಪ ಮಾತಾಡಿದ. "ಈರುಳ್ಳಿ ಬಂತಮ್ಮ ಈರುಳ್ಳಿ, ಗೆಡ್ಡೆ ಗಟ್ಟಿ ಐತೆ, ಬಂದು ನೋಡ್ಕಳ್ರಿ, ಬೆಳ್ಳುಳ್ಳಿನೂ ಐತೆ." ಅಷ್ಟು ಹೇಳುವ ಹೊತ್ತಿಗೆ ಮಾಮನ ಮನೆಯ ಕೋಳಿಯೊಂದು ನಮ್ಮ ಹೊಸ್ತಿಲು ದಾಟಿತು. ನಮ್ಮದು ಲಿಂಗ ಕಟ್ಟಿದ ಮನೆ. ಅಡುಗೆಮನೆಗೆ ಕೋಳಿ ನುಗ್ಗಿತೆಂದರೆ ಅಮ್ಮ ಮನೆಯನ್ನೆಲ್ಲ ತೊಳೆದು ಸಾರಿಸುವವರೆಗೆ ಯಾರಿಗೂ ಊಟ ಸಿಗುವುದಿಲ್ಲ. ಅಪ್ಪ ಗುಂಡಿ ಬಿಡದೆ ಅದೇ ಉಸಿರಿನಲ್ಲಿ, ಒಳಗೆ ರೊಟ್ಟಿ ತಟ್ಟುತ್ತಿದ್ದ ಅಮ್ಮನಿಗೆ, "ಲೇ, ಬಾಗ್ಲು ಹಾಕೇ, ಕೋಳಿ ಒಳಗ್ ಬರ್ತೈತೆ" ಅಂದ. ಆಮೇಲೆ ಗುಂಡಿ ಬಿಟ್ಟ.

ಇನ್ನೊಂದು ಸಲ ಮಾಡೋಣ ಅಂತ ಮಾಮ ಹೇಳಿದರು. ಅಪ್ಪನಿಗೆ ಮಂಡಿಗೆ ಹೋಗುವ ಅವಸರ. "ಇರ್ಲಿ ಬಿಡ್ರಿ ಭಾಯಿ, ನಾಳೆ ಮಾಡಾಣ" ಅಂತ ಆಟೊ ಹತ್ತಿದ. ಆ ನಾಳೆ ಬರಲೇ ಇಲ್ಲ.

ಆ ರೆಕಾರ್ಡಿಂಗ್ ಜಿಲ್ಲೆಯೆಲ್ಲ ಹರಡಿದ್ದು ಅಪ್ಪನ ಒಂದು ಪದ್ಧತಿಯಿಂದ. ಅವನು ಮೈಕಿನಲ್ಲಿ ಬೆಲೆ ಹೇಳುತ್ತಿರಲಿಲ್ಲ. ಬೇರೆಯವರು ಬೆಲೆ ಸೇರಿಸಿಯೇ ರೆಕಾರ್ಡ್ ಮಾಡಿಸುತ್ತಿದ್ದರು. ಮಂಡಿಯಲ್ಲಿ ರೇಟು ಏರಿದ ದಿನ, ಮೈಕಿನಲ್ಲಿ ಹೇಳಿದ ರೇಟಿಗೇ ಕೊಡು ಅಂತ ಹೆಂಗಸರು ಆಟೊ ಅಡ್ಡಗಟ್ಟಿ ಜಗಳಕ್ಕೆ ನಿಲ್ಲುತ್ತಿದ್ದರು. "ಬೆಲೆ ಅನ್ನೋದು ಮುಖ ನೋಡಿ ಹೇಳ್ಬೇಕು" ಅನ್ನುವುದು ಅಪ್ಪನ ಮಾತು. ಹೀಗಾಗಿ ಅವನ ರೆಕಾರ್ಡಿಂಗ್ ಯಾವ ವಾರಕ್ಕೂ, ಯಾವ ಊರಿಗೂ ಸಲ್ಲುತ್ತಿತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದ ಮೈಕ್ ಕೊಳ್ಳಲು ಬಂದ ಈರುಳ್ಳಿಯವರಿಗೆಲ್ಲ ಮಾಮ ಅದನ್ನೇ ಮೆಮೊರಿ ಕಾರ್ಡಿಗೆ ಹಾಕಿ ಕೊಟ್ಟರು, ಬಾಗಿಲು ಕೋಳಿ ಸಮೇತ.

ನಾನು ಹೊಳಲ್ಕೆರೆಯಲ್ಲಿ ಪ್ರೈಮರಿ ಶಾಲೆ ಟೀಚರ್. ಪಾಠದ ನಡುವೆ ಹೊರಗಿನಿಂದ ಅಪ್ಪನ ದನಿ ಕೇಳುತ್ತಿತ್ತು, ಆಟೊದಲ್ಲಿ ನೋಡಿದರೆ ಯಾರೋ ಬೇರೆ ಮನುಷ್ಯ. "ಬಾಗ್ಲು ಹಾಕೇ" ಅಂದ ಕೂಡಲೇ ಮುಂದಿನ ಸಾಲಿನ ಮಕ್ಕಳು ಎದ್ದು ಹೋಗಿ ಕ್ಲಾಸಿನ ಬಾಗಿಲು ಹಾಕಿ ಬರುತ್ತಿದ್ದವು. ಬೈದರೆ, ಮೈಕಲ್ಲಿ ಹೇಳ್ತಲ್ಲ ಮಿಸ್ ಅನ್ನುತ್ತಿದ್ದವು. ಮತ್ತೋಡಿನಲ್ಲಿ ನನ್ನ ಸೋದರತ್ತೆ ಇದ್ದಾಳೆ. ಅವಳ ಕೇರಿಯಲ್ಲಿ ಈರುಳ್ಳಿ ಆಟೊ ಅಂತ ಯಾರೂ ಅನ್ನುವುದಿಲ್ಲ, ಬಾಗ್ಲು ಹಾಕೇ ಆಟೊ ಬಂತು ಅಂತಲೇ ಅನ್ನುವುದು.

ಇದರಲ್ಲಿ ಅಮ್ಮನಿಗೆ ನಗು ಬರುವಂಥದ್ದು ಏನೂ ಕಾಣಲಿಲ್ಲ. ಒಮ್ಮೆ ಅವಳೂ ಅತ್ತೆಯೂ ಹಾಲುರಾಮೇಶ್ವರದ ದೇವಸ್ಥಾನಕ್ಕೆ ಹೋಗಿದ್ದಾಗ ಅತ್ತೆ ಬಾಯಿ ತಡೆಯಲಾರದೆ ಸಾಲಿನಲ್ಲಿದ್ದವರಿಗೆಲ್ಲ ಇವಳ ಗುರುತು ಹೇಳಿಬಿಟ್ಟಳು. ಯಾರೋ ಒಬ್ಬಳು, "ನೀವೇ ಏನ್ರಿ ಅವ್ರು? ಕೊನಿಗೆ ಬಾಗ್ಲು ಹಾಕಿದ್ರೋ ಇಲ್ವೋ?" ಅಂತ ಕೇಳಿದಳಂತೆ. ಅಮ್ಮ ಮನೆಗೆ ಬಂದವಳೇ ಅಪ್ಪನ ಮೇಲೆ ಹರಿಹಾಯ್ದಳು. "ನಾನು ಬಾಗ್ಲು ಹಾಕ್ದೇ ಇರೋಳು ಅಂತ ಇಡೀ ಜಿಲ್ಲೆಗೆ ಗೊತ್ತಾತು. ಅವತ್ತು ನಾನೂ ಒಂದ್ ಮಾತು ಅಂದಿದ್ದೆ. ಅಷ್ಟೊತ್ತಿಗೆ ಗುಂಡಿ ಬಿಟ್ರಲ್ಲ, ಅದು ಯಾರಿಗ್ ಕೇಳ್ತು?" ಏನಂದಿದ್ದೆ ಅಂತ ಅಪ್ಪ ಕೆಣಕಿದರೆ, "ಅಂದಿದ್ದೆ, ಅಷ್ಟೇ" ಅಂತ ಒಳಗೆ ಹೋದಳು. ಎಷ್ಟೋ ವರ್ಷ ಇದೇ ಜಗಳ ಆಗಾಗ ನಡೆಯುತ್ತಿತ್ತು.

ಆಮೇಲೆ ಅಪ್ಪನ ಗಂಟಲಲ್ಲಿ ಗಂಟು ಕಾಣಿಸಿತು. ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಜೀವ ಉಳಿಯಿತು, ಮಾತು ಹೋಯಿತು. ಈಗ ಅಮ್ಮನನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾನೆ. ಅಮ್ಮ ಮೊದಮೊದಲು ಅದಕ್ಕೆ ಬಾಯಿಬಿಟ್ಟು ಓಗೊಡುತ್ತಲೇ ಇರಲಿಲ್ಲ, ಸೀದಾ ಎದ್ದು ಬಂದು ಮುಂದೆ ನಿಲ್ಲುತ್ತಿದ್ದಳು. ಮನೆ ಬಹಳ ಸುಮ್ಮನಾಯಿತು, ಅದು ನನಗೆ ಸಹಿಸಲಾಗಲಿಲ್ಲ.

ಅಪ್ಪನ ದನಿ ಎಲ್ಲಾದರೂ ಇದೆಯೇ ಅಂತ ಹುಡುಕಿದೆ. ನನ್ನ ಮದುವೆ ವಿಡಿಯೊದಲ್ಲಿ ಅವನು ತುಂಬ ಹೊತ್ತು ಮಾತಾಡುತ್ತಾನೆ, ಆದರೆ ವಿಡಿಯೊದವನು ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡು ತುಂಬಿಟ್ಟಿದ್ದಾನೆ. ಅಪ್ಪನ ತುಟಿ ಅಲ್ಲಾಡಿದಾಗಲೆಲ್ಲ ಯಾರೋ ಹೆಂಗಸು ಹಾಡುತ್ತಾಳೆ. ಫೋನು ಅಂದರೆ ಅಪ್ಪನಿಗೆ ಅಲರ್ಜಿ, ಹಲೋ ಅಂದು ಅಮ್ಮನ ಕೈಗೆ ಕೊಟ್ಟುಬಿಡುತ್ತಿದ್ದ. ಅವನ ಆಟೊ ಮಾರಿದಾಗ ಮೈಕೂ ಅದರ ಜೊತೆಗೇ ಹೋಗಿತ್ತು. ಚಿಂತೆ ಯಾಕೆ, ಜಿಲ್ಲೆಯೆಲ್ಲ ಅವನದೇ ದನಿ ಇದೆಯಲ್ಲ ಅಂದುಕೊಂಡು ಮಾಮನ ಅಂಗಡಿಗೆ ಹೋದೆ.

ಮಾಮ ತಲೆ ಕೆರೆದುಕೊಂಡರು. ಅವರ ಹಳೇ ಕಂಪ್ಯೂಟರ್ ಕೆಟ್ಟು ಗುಜರಿಗೆ ಹೋಗಿತ್ತು. ಈಗ ಯಾರೂ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿಸುವುದಿಲ್ಲ, ಬೇಕಾದ ಮಾತು ಟೈಪ್ ಮಾಡಿದರೆ ಕಂಪ್ಯೂಟರೇ ಹೇಳುತ್ತದೆ. ಕೇಳಿಸಿದರು. "ಪ್ರಿಯ ಗ್ರಾಹಕರೇ, ತಾಜಾ ಈರುಳ್ಳಿ ಲಭ್ಯವಿದೆ" ಅಂತ ಒಬ್ಬಳು ನಯವಾಗಿ ಹೇಳಿದಳು. ಹೊಳಲ್ಕೆರೆಯಲ್ಲಿ ಈ ದನಿ ಬಂದ ಶುರುವಿನಲ್ಲಿ ಬ್ಯಾಂಕಿನವರು ಬಂದಿದ್ದಾರೆ ಅಂತ ಅರ್ಧ ಬೀದಿ ಹೊರಗೇ ಬಂದಿರಲಿಲ್ಲ. ಆದರೂ ಆಟೊದವರೆಲ್ಲ ಒಬ್ಬರನ್ನು ನೋಡಿ ಒಬ್ಬರು ಅದನ್ನೇ ಹಾಕಿಸಿಕೊಂಡಿದ್ದರು.

ಮತ್ತೋಡಿನ ಅತ್ತೆಗೆ ಫೋನ್ ಮಾಡಿದೆ. ಅವಳ ಬೀದಿಗೆ ಬರುವ ಆಟೊದಲ್ಲಿ ಇನ್ನೂ ಅಪ್ಪನ ದನಿಯೇ ಇತ್ತು. ಅವಳು ಅದನ್ನು ಮೊಬೈಲಿನಲ್ಲಿ ಹಿಡಿದು ಕಳಿಸಿದಳು. ಕೇಳಿದರೆ ಬೆಳ್ಳುಳ್ಳಿಗೇ ನಿಂತುಹೋಗುತ್ತದೆ. ಜನ ನಗುತ್ತಾರೆ ಅಂತ ಆ ಪುಣ್ಯಾತ್ಮ ಬಾಗಿಲು, ಕೋಳಿ ಎರಡನ್ನೂ ಕತ್ತರಿಸಿ ಹಾಕಿದ್ದ. ಇರಲಿ, ಇಷ್ಟಾದರೂ ಸಿಕ್ಕಿತಲ್ಲ ಅಂತ ಅಮ್ಮನಿಗೆ ಕೇಳಿಸಿದೆ. ಅವಳು ಪೂರ್ತಿ ಕೇಳಿ, "ಇದು ಬೀದಿ ದನಿ ಕಣೇ. ಮನೆ ದನಿ ಅಲ್ಲ" ಅಂದಳು.

ಮಾಮನಿಗೆ ಅಷ್ಟೇ ಸಾಕಾಗಿತ್ತು. ಆ ತುಂಡನ್ನು ಕಂಪ್ಯೂಟರಿಗೆ ಕೊಟ್ಟರೆ ಅಪ್ಪನ ದನಿಯಲ್ಲೇ ಏನು ಬೇಕಾದರೂ ಹೇಳಿಸಬಹುದು ಅಂದರು. ಹೇಳಿಸಿಯೂ ತಂದರು. ನಮ್ಮ ಪಡಸಾಲೆಯಲ್ಲಿ ಅಪ್ಪನ ಎದುರಿಗೇ ಅಪ್ಪನ ದನಿ, "ಪ್ರಿಯ ಗ್ರಾಹಕರೇ" ಅಂತ ಶುರುಮಾಡಿತು. ಅಮ್ಮ ಕೈ ಅಡ್ಡ ಹಿಡಿದಳು. "ನಿಲ್ಲಿಸ್ರಿ ಸಾಹೇಬ್ರೇ. ಇವ್ರು ಹುಟ್ಟಿದಾಗಿನಿಂದ ಯಾರಿಗೂ ಪ್ರಿಯ ಅಂದೋರಲ್ಲ." ಅಪ್ಪನ ಭುಜ ಕುಲುಕಿತು, ಈಗ ಅವನು ನಗುವುದೇ ಹಾಗೆ. ಬಾಗ್ಲು ಹಾಕೇ ಅಂತ ಟೈಪ್ ಮಾಡಿಬಿಡಲೇ ಅಂತ ಮಾಮ ಕೇಳಿದರು. ಬೇಡವೇ ಬೇಡ ಅಂದಳು ಅಮ್ಮ. ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು.

ಮಾಮ ಪೆಚ್ಚಾಗಿ ಚಪ್ಪಲಿ ಮೆಟ್ಟುತ್ತಿದ್ದವರು ತಿರುಗಿ ನಿಂತರು. "ಬೇಟಿ, ಬಬ್ಬೂರು ಕಡೆ ಒಬ್ರು ಗೌಡ್ರು ಹೊಲಕ್ಕೆ ಬೀಳೋ ಗಿಣಿ ಓಡ್ಸಕ್ಕೆ ಅಂತ ಮೈಕ್ ತಗಂಡು ಹೋಗಿದ್ರು. ಕೈಗೆ ಸಿಕ್ಕ ಕಾರ್ಡ್ ಹಾಕ್ಕೊಟ್ಟಿದ್ದೆ. ಅದ್ರಲ್ಲಿ ಇರಬೋದು ನೋಡು."

ಭಾನುವಾರ ಹಿರಿಯೂರಿನ ಬಸ್ ಹತ್ತಿದೆ. ಬಬ್ಬೂರಿನಲ್ಲಿ ಗಿಣಿ ಓಡಿಸುವ ಮೈಕ್ ಯಾರದು ಅಂತ ಕೇಳಿದರೆ ಎಲ್ಲರೂ ಒಂದೇ ಕಡೆಗೆ ಕೈ ತೋರಿಸಿದರು. ಹೊಲ ಕಾಣುವ ಮೊದಲೇ ದನಿ ಕೇಳಿಸಿತು. ಸೂರ್ಯಕಾಂತಿಯ ನಡುವೆ ಒಂದು ಕಂಬ, ಅದರ ಮೇಲೆ ಮೈಕು, ಅದರಲ್ಲಿ ನಮ್ಮಪ್ಪ. ಗೆಡ್ಡೆ ಗಟ್ಟಿ ಐತೆ ಅಂದ, ಬೆಳ್ಳುಳ್ಳಿನೂ ಐತೆ ಅಂದ. ಆಮೇಲೆ, "ಲೇ, ಬಾಗ್ಲು ಹಾಕೇ, ಕೋಳಿ ಒಳಗ್ ಬರ್ತೈತೆ." ಗಿಣಿಗಳ ಒಂದು ಹಿಂಡು ಹೊಲ ಬಿಟ್ಟು ಎದ್ದಿತು. ನನಗೆ ಅಳು ತಡೆಯಲಾಗಲಿಲ್ಲ, ದಾರಿಯಲ್ಲೇ ನಿಂತು ಅತ್ತುಬಿಟ್ಟೆ.

ಹೊಲದ ಗೌಡರು ವಯಸ್ಸಾದವರು. "ಬರ್ರಮ್ಮ, ನೆಳ್ಳಿಗ್ ಕುಂತ್ಕಳ್ರಿ" ಅಂತ ನೀರು ಕೊಟ್ಟರು. ವಿಷಯ ಹೇಳಿದೆ. ಅವರು ಮೈಕಿನ ಕಡೆ ನೋಡಿದರು. "ಈರುಳ್ಳಿ ಅಂದ್ರೆ ಗಿಣಿ ಅಲ್ಲಾಡಲ್ಲ ಕಣಮ್ಮ. ಲೇ ಅಂದ ತಕ್ಷಣ ಎದ್ದು ಹೋಗ್ತಾವೆ. ಯಾರೋ ಮನೆ ನಡೆಸಿದ ಮನುಷ್ಯ ಇರ್ಬೇಕು ಅನ್ಕಂಡಿದ್ದೆ." ಕಾರ್ಡನ್ನೇ ಕಿತ್ತು ಕೊಡುತ್ತೇನೆ ಅಂದರು. ಗಿಣಿಗಳಿಗೆ ಏನು ಮಾಡುತ್ತೀರಿ ಅಂದದ್ದಕ್ಕೆ, "ಲೇ ಅನ್ನಾಕೆ ನನಗೂ ಬರ್ತೈತೆ" ಅಂದರು. ನಾನು ಕಾರ್ಡ್ ತೆಗೆದುಕೊಳ್ಳಲಿಲ್ಲ. ಕಂಬದ ಕೆಳಗೆ ನಿಂತು ಫೋನಿನಲ್ಲಿ ಹಿಡಿದುಕೊಂಡೆ, ಗಿಣಿಗಳ ಕಿರುಚಾಟವೂ ಸೇರಿಕೊಂಡಿತು.

ಸಂಜೆ ಮನೆಗೆ ಬಂದಾಗ ಅಪ್ಪ ಪಡಸಾಲೆಯ ಕುರ್ಚಿಯಲ್ಲಿದ್ದ. ಅಮ್ಮ ಕೆಳಗೆ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬೀದಿ ಬಾಗಿಲು ತೆರೆದೇ ಇತ್ತು. ಮಾಮನ ಮನೆಯವರು ಕೋಳಿ ಸಾಕುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ನಾನು ಫೋನನ್ನು ಇಬ್ಬರ ನಡುವೆ ಇಟ್ಟು ರೆಕಾರ್ಡಿಂಗ್ ಹಾಕಿದೆ.

ಈರುಳ್ಳಿ, ಬೆಳ್ಳುಳ್ಳಿ ಮುಗಿಯುವವರೆಗೂ ಅಮ್ಮ ಅಕ್ಕಿ ಆರಿಸುತ್ತಲೇ ಇದ್ದಳು. "ಲೇ, ಬಾಗ್ಲು ಹಾಕೇ, ಕೋಳಿ ಒಳಗ್ ಬರ್ತೈತೆ" ಅಂದಿತು ಫೋನು.

ಅಮ್ಮ ತಲೆ ಎತ್ತಲಿಲ್ಲ. "ಕೈ ಹಿಟ್ಟಾಗೈತೆ, ನೀವೇ ಹಾಕ್ರಿ" ಅಂದಳು.

ಅವಳ ಕೈಯಲ್ಲಿ ಹಿಟ್ಟಿರಲಿಲ್ಲ. ಅಪ್ಪ ಕುರ್ಚಿಯ ಹಿಡಿಕೆಗೆ ಕೈ ಊರಿ ಎದ್ದ, ಹೋಗಿ ಬಾಗಿಲು ಹಾಕಿದ.